ಅರ್ಧ ಮೇವಿನ ಎತ್ತು

ತೂಕದ ಮೆಷಿನ್ನು ಐದು ವಾರದಿಂದ ಒಂದೇ ನಂಬರ್ ತೋರಿಸ್ತಿತ್ತು. 85. ನಾನು ಮಾತ್ರ ದಿನೇದಿನೇ ಕಡಿಮೆ ತಿನ್ನುತ್ತಿದ್ದೆ. ಶುರುವಿನಲ್ಲಿ ಮೊಬೈಲ್ ಆ್ಯಪ್ ದಿನಕ್ಕೆ 1,200 ಕ್ಯಾಲೊರಿ ಸಾಕು ಅಂದಿತ್ತು. ನಾನು ಅದಕ್ಕಿಂತ ಬುದ್ಧಿವಂತ ಅಲ್ವಾ, 900ಕ್ಕೆ ಇಳಿಸಿದೆ. ಮೊದಲ ಆರು ವಾರದಲ್ಲಿ ಏಳು ಕೆಜಿ ಸರಸರ ಇಳಿಯಿತು. ಆಮೇಲೆ ನಿಂತೇಹೋಯಿತು.

ಇದು ಬರೀ ಚಂದ ಕಾಣುವ ಆಸೆಯಲ್ಲ. ಅಪ್ಪನಿಗೆ 45ಕ್ಕೇ ಶುಗರ್ ಬಂತು. ನನಗೀಗ 34. ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ "ಬಾರ್ಡರ್‌ಲೈನ್" ಅಂತ ಬರೆದುಕೊಟ್ಟಾಗಿನಿಂದ ನಿದ್ದೆ ಸರಿಯಿಲ್ಲ. ಹಾಗಾಗಿ ಆ 85 ನನ್ನನ್ನು ನಿಜವಾಗಿಯೂ ಹೆದರಿಸಿತ್ತು.

ಆ ಸಮಯದಲ್ಲೇ ಹಬ್ಬಕ್ಕೆ ಊರಿಗೆ ಹೋದೆ. ನಮ್ಮ ಮನೆ ನಂಜನಗೂಡಿನಲ್ಲಿ. ಅಜ್ಜಿ ಇರುವುದು ಟಿ. ನರಸೀಪುರದ ಹತ್ತಿರದ ಹಳ್ಳಿಯಲ್ಲಿ, ನಮ್ಮ ಕಪಿಲೆ ಹೋಗಿ ಕಾವೇರಿಗೆ ಸೇರುವ ಕಡೆ. ಬೈಕಿನಲ್ಲಿ ಹೋಗಿ ಇಳಿದವನನ್ನು ನೋಡಿ ಅಜ್ಜಿ ಕೇಳಿದ ಮೊದಲ ಮಾತು: "ಯಾಕ್ಲಾ ಮಗ, ಹಿಂಗ್ ಬಾಡೋಗಿದ್ದೀಯ?"

ಮುದ್ದೆ, ಬಸ್ಸಾರು ಮುಂದಿಟ್ಟಳು. ನಾನು ಅರ್ಧ ಮುದ್ದೆ ಮುರಿದು ವಾಪಸ್ ಇಟ್ಟೆ. ಡಯಟ್ಟು, ತೂಕ ನಿಂತಿದೆ, ಇನ್ನೂ ಕಡಿಮೆ ಮಾಡಬೇಕು ಅಂತ ವಿವರಿಸಿದೆ. ಅಜ್ಜಿಗೆ 88 ವರ್ಷ. ಕ್ಯಾಲೊರಿ ಅಂದರೇನು ಅಂತ ಗೊತ್ತಿಲ್ಲ. ಆದರೆ ಪೂರ್ತಿ ಕೇಳಿಸಿಕೊಂಡು ಹೇಳಿದ್ದು ಇಷ್ಟು: "ಮೇವು ಅರ್ಧ ಮಾಡುದ್ರೆ ಎತ್ತು ತಕ್ಷಣ ಸಾಯಲ್ಲ ಕನಪ್ಪ. ನಡ್ಗೆ ನಿಧಾನ ಮಾಡ್ಕತದೆ."

ಆಮೇಲೆ ತನ್ನ ಅಜ್ಜಿಯ ಕಥೆ ತೆಗೆದಳು. ಆ ಮುತ್ತಜ್ಜಿ ಧಾತು ಬರದಲ್ಲಿ ಕೈಕೂಸಂತೆ. ಬದುಕಿ ಉಳಿದದ್ದೇ ಹೆಚ್ಚು. ಸಾಯುವವರೆಗೂ ಮುದ್ದೆ ತೊಳೆಸಿದ ಪಾತ್ರೆಗೆ ನೀರು ಹಾಕಿ ಆ ನೀರನ್ನೂ ಕುಡಿಯುತ್ತಿದ್ದಳಂತೆ. ಅದನ್ನು ಕೇಳುತ್ತಾ ನನ್ನ ತಟ್ಟೆಯ ಪಕ್ಕ ಬಿದ್ದಿದ್ದ ಅರ್ಧ ಮುದ್ದೆ ನೋಡಿ ನನಗೇ ನಾಚಿಕೆಯಾಯಿತು.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಧಾತು ಬರದ ಬಗ್ಗೆ ಓದತೊಡಗಿದೆ. ಧಾತು, ಈಶ್ವರ ಎರಡೂ ಸಂವತ್ಸರಗಳ ಹೆಸರು, ಅಂದರೆ 1876ರಿಂದ 78. ಮಳೆ ಸಾಲುಸಾಲಾಗಿ ಕೈಕೊಟ್ಟಿತು. ಆಗ ಮೈಸೂರು ಬ್ರಿಟಿಷ್ ಕಮಿಷನರ್‌ಗಳ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನ ಸುಮಾರು 50 ಲಕ್ಷ 55 ಸಾವಿರ. 1881ರಲ್ಲಿ 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಹೆಚ್ಚಬೇಕಾದವರು ಎಂಟೂವರೆ ಲಕ್ಷಕ್ಕೂ ಹೆಚ್ಚು ಕಮ್ಮಿಯಾದರು. ನಾವು ವೀಕೆಂಡಿಗೆ ಊರಿಗೆ ಹತ್ತುವ ರೈಲಿನ ಹಾದಿಯೂ ಆ ಕಾಲಕ್ಕೆ ತೀರಾ ಹತ್ತಿರದ್ದು: ಬೆಂಗಳೂರಿನಿಂದ ಮೈಸೂರಿಗೆ ರೈಲು ಮುಟ್ಟಿದ್ದು 1882ರಲ್ಲಿ, ನಂಜನಗೂಡಿಗೆ 1891ರಲ್ಲಿ.

ಓದುತ್ತಾ ಒಂದು ಜಾಗದಲ್ಲಿ ನಿಂತುಬಿಟ್ಟೆ. 1877ರ ಜನವರಿಯಲ್ಲಿ ವೈಸರಾಯ್ ಲಿಟ್ಟನ್, ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ದಕ್ಷಿಣಕ್ಕೆ ಕಳಿಸಿದ. ಈ ಟೆಂಪಲ್ 1873–74ರಲ್ಲಿ ಬಿಹಾರದ ಬರದಲ್ಲಿ ಧಾರಾಳವಾಗಿ ಅಕ್ಕಿ ತರಿಸಿ ಜನರನ್ನು ಉಳಿಸಿದ್ದವನು. ಅದಕ್ಕೆ ಸಿಕ್ಕಿದ್ದು ಶಭಾಷ್‌ಗಿರಿಯಲ್ಲ, ದುಂದುವೆಚ್ಚ ಮಾಡಿದೆ ಅನ್ನೋ ಬೈಗುಳ. ಈ ಸಲ ಆತ ಆ ತಪ್ಪು ಮಾಡಲು ಸಿದ್ಧನಿರಲಿಲ್ಲ. ಮದ್ರಾಸ್ ಪ್ರಾಂತ್ಯದ ಪರಿಹಾರ ಕಾಮಗಾರಿಗಳಲ್ಲಿ ಮಣ್ಣು ಹೊರುವ ಗಂಡಾಳಿಗೆ ಅಲ್ಲಿಯವರೆಗೆ ದಿನಕ್ಕೆ ಒಂದೂವರೆ ಪೌಂಡ್ ಧಾನ್ಯದ ಲೆಕ್ಕದಲ್ಲಿ ಕೂಲಿ ಇತ್ತು. ಟೆಂಪಲ್ ಅದನ್ನು ಒಂದು ಪೌಂಡಿಗೆ ಇಳಿಸಿದ. ಜೊತೆಗೆ ಉಪ್ಪು–ಮೆಣಸಿನಕಾಯಿಗೆ ಒಂದಿಷ್ಟು ಚಿಲ್ಲರೆ ಕಾಸು. ಇತಿಹಾಸದಲ್ಲಿ ಇದಕ್ಕೆ "ಟೆಂಪಲ್ ಕೂಲಿ" ಅಂತಲೇ ಹೆಸರು. ಇದು ನಡೆದದ್ದು ದೂರದಲ್ಲೆಲ್ಲೋ ಅಲ್ಲ. ನಂಜನಗೂಡಿನಿಂದ ಚಾಮರಾಜನಗರ ದಾಟಿ ಘಟ್ಟ ಇಳಿದರೆ ಸಿಗುವ ಕೊಯಮತ್ತೂರು ಜಿಲ್ಲೆ ಆಗ ಅದೇ ಮದ್ರಾಸ್ ಪ್ರಾಂತ್ಯದಲ್ಲಿತ್ತು.

ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ ಅಕ್ಕಿ. ನಮ್ಮ ಆ್ಯಪ್ ಭಾಷೆಯಲ್ಲಿ ಹೇಳುವುದಾದರೆ ಹೆಚ್ಚುಕಮ್ಮಿ 1,600 ಕ್ಯಾಲೊರಿ.

ಇನ್ನೊಮ್ಮೆ ಓದಿ. ಬ್ರಿಟಿಷ್ ಸಾಮ್ರಾಜ್ಯ ಜಿಪುಣತನದ ತುದಿಗೆ ಹೋಗಿ ಕೊಟ್ಟ ಬರದ ಪಡಿ 1,600. ನನ್ನ ಆ್ಯಪ್ ಕೊಟ್ಟಿದ್ದು 1,200. ನನಗೆ ನಾನೇ ಕೊಟ್ಟುಕೊಂಡಿದ್ದು 900! ಅವರು ಬಿಸಿಲಲ್ಲಿ ಮಣ್ಣು ಹೊರುತ್ತಿದ್ದರು, ನಾನು ಎಸಿಯಲ್ಲಿ ಕೂತಿರುತ್ತೇನೆ, ನನ್ನ ಮೈಮೇಲೆ ಕೊಬ್ಬಿನ ದಾಸ್ತಾನೂ ಇದೆ, ಎಲ್ಲ ನಿಜ. ಆದರೂ ಆ ನಂಬರ್ ನೋಡಿ ಮೈ ಜುಮ್ಮೆಂದಿತು.

ಆಗ ಟೆಂಪಲ್‌ಗೆ ಎದುರು ನಿಂತವರು ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಾ. ಡಬ್ಲ್ಯು. ಆರ್. ಕಾರ್ನಿಷ್. ದುಡಿಯುವ ದೇಹ ಒಂದು ಪೌಂಡ್ ಧಾನ್ಯದಲ್ಲಿ ನಡೆಯುವುದಿಲ್ಲ, ಬೇಳೆಕಾಳಿಲ್ಲದ ಬರೀ ಧಾನ್ಯದಲ್ಲಂತೂ ಇಲ್ಲವೇ ಇಲ್ಲ, ಎಂಬುದು ಅವರ ವಾದ. ಜಗಳ ಕಾಗದದ ಮೇಲೆ ತಿಂಗಳುಗಟ್ಟಲೆ ನಡೆಯಿತು. ಕೊನೆಗೆ ಮದ್ರಾಸ್ ಸರ್ಕಾರ ಅದೇ ವರ್ಷ ಕೂಲಿ ಏರಿಸಿತು. ಅಷ್ಟರಲ್ಲಿ ಲೆಕ್ಕವಿಲ್ಲದಷ್ಟು ಜನ ಹೋಗಿದ್ದರು. ಮೈಸೂರಿನ ಬರ ನಿರ್ವಹಣೆಗೆ ಬಂದ ಚಾರ್ಲ್ಸ್ ಎಲಿಯಟ್ ಮುಂದೆ 1878ರ ಬರ ಆಯೋಗದ ಕಾರ್ಯದರ್ಶಿಯಾದ. ಎಷ್ಟು ಕೆಲಸಕ್ಕೆ ಎಷ್ಟು ಅನ್ನ ಎಂಬುದನ್ನು ಬರೆದಿಟ್ಟ "ಫ್ಯಾಮಿನ್ ಕೋಡ್" ಹುಟ್ಟಿದ್ದು ಆ ಆಯೋಗದಿಂದ.

ಇಲ್ಲಿ ನನ್ನ ಟೀಮಿನ ಗೆಳೆಯನೊಬ್ಬ ಸರಿಯಾದ ಪ್ರಶ್ನೆ ಹಾಕಿದ. "ಮಗಾ, ಕಡಿಮೆ ತಿಂದ್ರೆ ತೂಕ ಇಳಿಯೋದು ನಿಲ್ಲುತ್ತೆ ಅಂತೀಯಲ್ಲ, ಹಂಗಿದ್ರೆ ಬರದಲ್ಲಿ ಜನ ಎಲುಬಿನ ಗೂಡಾಗಿದ್ದು ಹೆಂಗೆ?"

ಉತ್ತರ ಸಿಕ್ಕಿದ್ದು ಅಮೆರಿಕದ ಒಂದು ಪ್ರಯೋಗದಲ್ಲಿ. ಎರಡನೇ ಮಹಾಯುದ್ಧದ ಕೊನೆಯಲ್ಲಿ, ಹಸಿದ ಯುರೋಪಿಗೆ ಮತ್ತೆ ಉಣ್ಣಿಸುವುದು ಹೇಗೆ ಅಂತ ತಿಳಿಯಲು, ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ 36 ಆರೋಗ್ಯವಂತ ಯುವಕರನ್ನು ತೆಗೆದುಕೊಂಡರು. ಯುದ್ಧಕ್ಕೆ ಹೋಗಲ್ಲ, ಬೇರೆ ಸೇವೆ ಮಾಡ್ತೀವಿ ಎಂದು ತಾವಾಗಿ ಬಂದವರು. ಆರು ತಿಂಗಳು ದಿನಕ್ಕೆ ಸುಮಾರು 1,570 ಕ್ಯಾಲೊರಿ. ಹೌದು, ಟೆಂಪಲ್ ಕೂಲಿಯಷ್ಟೇ. ಬ್ರೆಡ್ಡು, ಆಲೂಗಡ್ಡೆ, ಗೆಡ್ಡೆಗೆಣಸು. ವಾರಕ್ಕೆ 22 ಮೈಲಿ ನಡಿಗೆ.

ಸರಾಸರಿ 69 ಕೆಜಿ ಇದ್ದವರು 53ಕ್ಕೆ ಇಳಿದರು. ಅಂದರೆ ತೂಕ ಇಳಿಯುತ್ತದೆ, ಗೆಳೆಯ ಹೇಳಿದ್ದು ಸರಿ. ಆದರೆ ಇಳಿಯುವ ವೇಗ ವಾರವಾರಕ್ಕೂ ಕುಗ್ಗುತ್ತಾ ಹೋಯಿತು. ಸುಮ್ಮನೆ ಮಲಗಿದ್ದಾಗ ದೇಹ ಸುಡುವ ಶಕ್ತಿ ಸುಮಾರು 40 ಶೇಕಡಾ ಬಿದ್ದುಹೋಯಿತು. ಅದರಲ್ಲಿ ಮೂರನೇ ಎರಡು ಪಾಲು, ದೇಹವೇ ಚಿಕ್ಕದಾದ ಕಾರಣ. ಮಿಕ್ಕಿದ್ದು, ಉಳಿದಿದ್ದ ದೇಹವೂ ಖರ್ಚು ಬಿಗಿಹಿಡಿದ ಕಾರಣ. ನಾಡಿಬಡಿತ ನಿಮಿಷಕ್ಕೆ 55 ಇದ್ದದ್ದು 35ಕ್ಕೆ ಬಂತು. ಬೇಸಿಗೆಯಲ್ಲೂ ಚಳಿ. ಮೆಟ್ಟಿಲು ಹತ್ತಲು ಬೇಸರ, ಮಾತಿಗೆ ಬೇಸರ. ಅಡುಗೆ ಪುಸ್ತಕ ಓದುವುದೊಂದೇ ಹುಚ್ಚು. ಜೊತೆಗೆ ಕಾಲು, ಮುಖಕ್ಕೆ ನೀರು ತುಂಬಿತು. ಒಳಗೆ ಕೊಬ್ಬು, ಸ್ನಾಯು ಕರಗಿದರೂ ಆ ನೀರಿನ ಭಾರ ತೂಕದಲ್ಲಿ ಅದನ್ನು ಮರೆಮಾಚುತ್ತಿತ್ತು.

ನಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಕಬಿನಿಯಲ್ಲಿ ನೀರು ಕಮ್ಮಿಯಾದರೆ ನಾಲೆಗೆ ಏನು ಮಾಡ್ತಾರೆ? ಕಟ್ಟು ಪದ್ಧತಿ. ಇಷ್ಟು ದಿನ ನೀರು, ಇಷ್ಟು ದಿನ ಬಂದ್. ಕುಡಿಯುವ ನೀರಿಗೆ ಕೈ ಹಾಕಲ್ಲ, ಕೊನೇ ಭಾಗದ ಗದ್ದೆ ಮೊದಲು ಒಣಗುತ್ತದೆ. ದೇಹದ್ದೂ ಇದೇ ಲೆಕ್ಕ. ಮಿದುಳು, ಹೃದಯಕ್ಕೆ ಮೊದಲ ಪಾಲು. ಕೂದಲು, ಉಗುರು, ಬೆಚ್ಚಗಿರುವುದು, ಹೆಂಗಸರಿಗೆ ಮುಟ್ಟು, ಇವೆಲ್ಲ ಕೊನೇ ಭಾಗದ ಗದ್ದೆಗಳು. ಎಲ್ಲಕ್ಕಿಂತ ದೊಡ್ಡ ಉಳಿತಾಯ ನಮ್ಮ ಗಮನಕ್ಕೇ ಬರುವುದಿಲ್ಲ: ಓಡಾಟ. ಕೂತಲ್ಲೇ ಕಾಲು ಅಲ್ಲಾಡಿಸುವುದು, ಫೋನಲ್ಲಿ ಮಾತಾಡುತ್ತಾ ತಿರುಗಾಡುವುದು, ಕಾಫಿಗೆ ಕೆಳಗಿಳಿಯುವುದು, ಎಲ್ಲ ತಾನಾಗಿ ಕಟ್. ಎತ್ತು ನಡಿಗೆ ನಿಧಾನ ಮಾಡಿಕೊಳ್ಳುತ್ತದೆ. ಅಜ್ಜಿ ಒಂದೇ ಸಾಲಿನಲ್ಲಿ ಹೇಳಿದ್ದನ್ನು ಕೀಸ್ 1950ರಲ್ಲಿ ಎರಡು ದಪ್ಪ ಸಂಪುಟಗಳಲ್ಲಿ ಪ್ರಕಟಿಸಿದರು.

ಸರಿ, ನನ್ನ 85ಕ್ಕೆ ಬರೋಣ. ಒಂದು ಭಾನುವಾರ ಕೂತು ಪ್ರಾಮಾಣಿಕವಾಗಿ ಲೆಕ್ಕ ಹಾಕಿದೆ. ಸೋಮವಾರದಿಂದ ಶುಕ್ರವಾರ 900ರಂತೆ 4,500. ಶನಿವಾರ, ಭಾನುವಾರ? ಅಲ್ಲೇ ಇತ್ತು ಕಳ್ಳ. ಐದು ದಿನದ ಹಸಿವು ಒಟ್ಟಿಗೆ ಎದ್ದು ಬಿರಿಯಾನಿ, ಮಧ್ಯರಾತ್ರಿ ಐಸ್‌ಕ್ರೀಮು, ಬೆಳಿಗ್ಗೆ ಬೆಣ್ಣೆ ದೋಸೆ. ದಿನಕ್ಕೆ ಕಮ್ಮಿಯೆಂದರೂ 3,500. ವಾರದ ಒಟ್ಟು 11,500. ದಿನದ ಸರಾಸರಿ ಸುಮಾರು 1,640. ನಾನು 900 ತಿಂತೀನಿ ಅಂದುಕೊಂಡಿದ್ದೆ, ನಿಜದಲ್ಲಿ ಟೆಂಪಲ್ ಕೂಲಿ ತಿಂತಿದ್ದೆ. ಇತ್ತ ಮೊದಲು 2,400ರಷ್ಟು ಸುಡುತ್ತಿದ್ದ ದೇಹ ಏಳು ಕೆಜಿ ಹಗುರಾಗಿ, ಓಡಾಟ ಬಿಟ್ಟು, ಬಹುಶಃ 2,000ದ ಹತ್ತಿರ ಬಂದು ಕೂತಿತ್ತು. ಉಳಿದ ಅಂತರದಲ್ಲಿ ವಾರಕ್ಕೆ ಮುನ್ನೂರು ಚಿಲ್ಲರೆ ಗ್ರಾಂ ಕರಗಿದರೆ ಹೆಚ್ಚು. ವಾರಾಂತ್ಯದ ಉಪ್ಪು–ಅನ್ನ ಹಿಡಿದಿಟ್ಟ ನೀರಿನ ಅಡಿಯಲ್ಲಿ ಆ ಮುನ್ನೂರು ಚಿಲ್ಲರೆ ಗ್ರಾಂ ಕಾಣುವುದೇ ಇಲ್ಲ.

ಮಾಯವೂ ಇಲ್ಲ, ಮಂತ್ರವೂ ಇಲ್ಲ. "ಸ್ಟಾರ್ವೇಶನ್ ಮೋಡ್" ಅಂತ ಒಂದು ಬಟನ್ ಇಲ್ಲ, ಒತ್ತಿದ ತಕ್ಷಣ ಕೊಬ್ಬು ಕರಗುವುದು ನಿಲ್ಲಲು. ಅತಿ ಕಡಿಮೆ ತಿಂದಾಗ ಖರ್ಚು ಕುಗ್ಗುತ್ತದೆ, ನೀರು ನಿಲ್ಲುತ್ತದೆ, ಹಸಿವು ಒಂದು ದಿನ ಬಾಕಿ ವಸೂಲಿಗೆ ಬರುತ್ತದೆ. ಮೂರೂ ಸೇರಿ ತೂಕ ನಿಂತಂತೆ ಕಾಣುತ್ತದೆ. ನಾವು ಹೆದರಿ ಇನ್ನೂ ಕಡಿಮೆ ತಿನ್ನುತ್ತೇವೆ.

ನಮ್ಮವರಿಗೆ ಇನ್ನೊಂದು ತೊಂದರೆಯಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ, ನಾವೆಲ್ಲ ಮಿಷನ್ ಆಸ್ಪತ್ರೆ ಅನ್ನುತ್ತೇವಲ್ಲ ಅದರಲ್ಲಿ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಆ ಹಳೇ ರಿಜಿಸ್ಟರ್ ಹಿಡಿದು ಸಂಶೋಧಕರು 1990ರ ದಶಕದಲ್ಲಿ, ದೊಡ್ಡವರಾಗಿದ್ದ ಅದೇ ಮಕ್ಕಳನ್ನು ಹುಡುಕಿ ಪರೀಕ್ಷೆ ಮಾಡಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚು ಕಂಡಿತು. ಮುಂದೆ ಅದೇ ಆಸ್ಪತ್ರೆಯ ಶಿಶುಗಳನ್ನು ಇಂಗ್ಲೆಂಡಿನ ಶಿಶುಗಳ ಜೊತೆ ಹೋಲಿಸಿದಾಗ, ನಮ್ಮ ಮಕ್ಕಳು ಗಾತ್ರದಲ್ಲಿ ಚಿಕ್ಕವರು, ಆದರೆ ಬೆನ್ನಿನ ಚರ್ಮದಡಿಯ ಕೊಬ್ಬಿನಲ್ಲಿ ಅಷ್ಟೇನೂ ಹಿಂದಿಲ್ಲ ಅಂತ ಗೊತ್ತಾಯಿತು. ಸ್ನಾಯು ಕಮ್ಮಿ, ಕೊಬ್ಬು ಜೋಪಾನ. ಇಂಥ ದೇಹಕ್ಕೆ 900 ಕ್ಯಾಲೊರಿಯ ಬರ ತಂದರೆ, ಇರುವ ಅಷ್ಟಿಷ್ಟು ಸ್ನಾಯುವೂ ಕೊಬ್ಬಿನ ಜೊತೆ ಕರಗುತ್ತದೆ. ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುವ ದೊಡ್ಡ ಅಂಗ ಸ್ನಾಯುವೇ. ಶುಗರ್‌ಗೆ ಹೆದರಿ ನಾನು ಕರಗಿಸುತ್ತಿದ್ದದ್ದು ಅದನ್ನೇ.

ನಮ್ಮಪ್ಪ ಹುಟ್ಟಿದ್ದು ಹಳ್ಳಿಯಲ್ಲಿ, ಸೂಲಗಿತ್ತಿ ಕೈಯಲ್ಲಿ. ತೂಕ ಯಾರೂ ಬರೆದಿಡಲಿಲ್ಲ. ಅಜ್ಜಿಯನ್ನು ಕೇಳಿದರೆ ಎರಡು ಅಂಗೈ ಜೋಡಿಸಿ "ಇಷ್ಟಿದ್ದ ಕನಪ್ಪ" ಅಂತಾಳೆ.

ಈಗ ದಿನಕ್ಕೆ 1,900ರ ಆಸುಪಾಸು, ಏಳೂ ದಿನ ಒಂದೇ ಸಮ. ಬೆಳಿಗ್ಗೆ ಮೊಟ್ಟೆ, ಮಧ್ಯಾಹ್ನ ಕಾಳಿನ ಸಾರು, ಅನ್ನ ಸ್ವಲ್ಪ ಕಮ್ಮಿ. ವಾರಕ್ಕೆ ಮೂರು ದಿನ ಭಾರ ಎತ್ತುತ್ತೇನೆ, ದಿನಾ ನಡೆಯುತ್ತೇನೆ. ಡಾಕ್ಟರಿಗೂ ಎಲ್ಲ ಹೇಳಿದ್ದೇನೆ, ಮೊದಲೇ ಹೇಳಬೇಕಿತ್ತು. ಶುರುವಿನ ಎರಡು ವಾರ ತೂಕ ಒಂದು ಕೆಜಿ ಏರಿ ಜೀವ ಬಾಯಿಗೆ ಬಂತು. ಆಮೇಲೆ ಇಳಿಯತೊಡಗಿತು. ನಾಲ್ಕು ತಿಂಗಳಲ್ಲಿ ನಾಲ್ಕು ಕೆಜಿ. ನಿಧಾನವೇ, ಆದರೆ ಕೈ ತಣ್ಣಗಾಗುವುದಿಲ್ಲ, ಮೀಟಿಂಗಿನಲ್ಲಿ ಯಾರ ಮೇಲೂ ರೇಗುವುದಿಲ್ಲ.

ಹೋದ ತಿಂಗಳು ಮತ್ತೆ ಅಜ್ಜಿ ಮನೆಗೆ ಹೋಗಿದ್ದೆ. ಪೂರ್ತಿ ಒಂದು ಮುದ್ದೆ ಉಂಡೆ. ಎರಡನೆಯದಕ್ಕೆ ಕೈ ಅಡ್ಡ ಹಿಡಿದೆ. ಅಜ್ಜಿ ಒತ್ತಾಯ ಮಾಡಲಿಲ್ಲ, ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. "ಈಗ ನಡ್ಗೆ ಸರಿಯಾಯ್ತು ಬುಡು" ಅಂದು, ಮುದ್ದೆ ಪಾತ್ರೆಗೆ ನೀರು ಹಾಕಲು ಎದ್ದುಹೋದಳು.