ಮಂಗಳೂರು ಮತ್ತು ಪಾದೂರು ಕಚ್ಚಾತೈಲ ಸಂಗ್ರಹಾಗಾರಗಳು

ಮಂಗಳೂರು ಮತ್ತು ಪಾದೂರು ಕಚ್ಚಾತೈಲ ಸಂಗ್ರಹಾಗಾರಗಳು ಕರ್ನಾಟಕದ ಕರಾವಳಿಯಲ್ಲಿ ಬಂಡೆಯನ್ನು ಕೊರೆದು ನಿರ್ಮಿಸಲಾದ ಭೂಗತ ಭಂಡಾರಗಳು. ತೈಲಸಮೃದ್ಧವಾದ ಕೊಲ್ಲಿ ಪ್ರದೇಶದಲ್ಲಿ ಯುದ್ಧವೋ ಅಶಾಂತಿಯೋ ತಲೆದೋರಿ ಪೂರೈಕೆ ಕಡಿದುಹೋದರೆ ಬಳಸಲೆಂದು ಇಲ್ಲಿ ಕಚ್ಚಾತೈಲವನ್ನು ಕಾದಿರಿಸಲಾಗುತ್ತದೆ.

ಹಿನ್ನೆಲೆ

ಭಾರತವು ತನಗೆ ಬೇಕಾದ ಕಚ್ಚಾತೈಲದ ಶೇ. 80ಕ್ಕೂ ಹೆಚ್ಚು ಭಾಗವನ್ನು ಆಮದು ಮಾಡಿಕೊಳ್ಳುತ್ತದೆ. ಅದರಲ್ಲಿ ದೊಡ್ಡ ಪಾಲು ಇರಾನ್ ಮತ್ತು ಒಮಾನ್ ನಡುವಣ ಕಿರಿದಾದ ಹೊರ್ಮುಜ್ ಜಲಸಂಧಿಯನ್ನು ದಾಟಿ ಬರಬೇಕು. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ತೈಲದ ಬೆಲೆ ಏರಿತು; ಮೊದಲೇ ದುರ್ಬಲವಾಗಿದ್ದ ದೇಶದ ವಿದೇಶೀ ವಿನಿಮಯ ನಿಧಿ ಮರುವರ್ಷ ಬರಿದಾಗುವ ಹಂತ ತಲುಪಿತು.

ರಚನೆ

ಮಂಗಳೂರಿನ ಸಾಮರ್ಥ್ಯ 15 ಲಕ್ಷ ಟನ್. ಉಡುಪಿ ಜಿಲ್ಲೆಯ ಪಾದೂರಿನದು 25 ಲಕ್ಷ ಟನ್. ಗುಹೆಗಳಿಗೆ ಉಕ್ಕಿನ ಒಳಕವಚವಿಲ್ಲ. ಸುತ್ತಲಿನ ಬಂಡೆಯ ಬಿರುಕುಗಳಲ್ಲಿರುವ ಅಂತರ್ಜಲದ ಒತ್ತಡವೇ ತೈಲ ಹೊರಸೋರದಂತೆ ತಡೆಯುತ್ತದೆ. ಎರಡನ್ನೂ 2019ರ ಫೆಬ್ರವರಿ 10ರಂದು ಪ್ರಧಾನಿ ನರೇಂದ್ರ ಮೋದಿಯವರು ಹುಬ್ಬಳ್ಳಿಯ ಸಮಾರಂಭದಲ್ಲಿ ರಾಷ್ಟ್ರಕ್ಕೆ ಸಮರ್ಪಿಸಿದರು.

ಬಳಕೆ ಮತ್ತು ಮಿತಿ

ಮಂಗಳೂರಿನ ಒಂದು ಗುಹೆಯಲ್ಲಿ ಅಬುಧಾಬಿಯ ರಾಷ್ಟ್ರೀಯ ತೈಲ ಕಂಪನಿಯು 2018ರಿಂದ ತನ್ನ ತೈಲವನ್ನು ಇರಿಸಿತು. 2020ರಲ್ಲಿ ಬೆಲೆ ಕುಸಿದಾಗ ಭಾರತ ಅಗ್ಗದ ತೈಲದಿಂದ ಭಂಡಾರಗಳನ್ನು ತುಂಬಿಸಿಕೊಂಡಿತು. ಆದರೂ ವಿಶಾಖಪಟ್ಟಣವೂ ಸೇರಿ ಒಟ್ಟು 53.3 ಲಕ್ಷ ಟನ್ ಸಾಮರ್ಥ್ಯವು ದೇಶದ ಸುಮಾರು 9.5 ದಿನಗಳ ಅಗತ್ಯಕ್ಕೆ ಮಾತ್ರ ಸಾಲುತ್ತದೆ. ಅಂತಾರಾಷ್ಟ್ರೀಯ ಇಂಧನ ಸಂಸ್ಥೆ ತನ್ನ ಸದಸ್ಯ ರಾಷ್ಟ್ರಗಳಿಗೆ ವಿಧಿಸಿರುವುದು 90 ದಿನಗಳ ಆಮದಿಗೆ ಸಮನಾದ ದಾಸ್ತಾನು. ಪಾದೂರಿನಲ್ಲಿ ಇನ್ನೂ 25 ಲಕ್ಷ ಟನ್‌ಗಳ ವಿಸ್ತರಣೆಗೆ 2021ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. ಮೊದಲ ಹಂತದ ಸ್ಫೋಟಗಳಿಂದ ಮನೆಗಳು ಬಿರುಕುಬಿಟ್ಟವೆಂದು ದೂರಿದ ಗ್ರಾಮಸ್ಥರು ಇದನ್ನು ವಿರೋಧಿಸಿದ್ದಾರೆ.