ಕುಪ್ಪಟೂರಿನಿಂದ ಇಕ್ಕೇರಿಯವರೆಗೆ: ಅನ್ಯರೊಡನೆ ಬಾಳುವ ವಿದ್ಯೆ

ಚೀನದ ಉದ್ಯೋಗಿಯೂ ಯುರೋಪು ಅಮೆರಿಕಗಳ ಉದ್ಯೋಗಿಯೂ ಒಂದೇ ಕಾರ್ಯಾಲಯದಲ್ಲಿ ಕೂಡಿ ದುಡಿಯುವಾಗ, ಒಬ್ಬರ ರೀತಿನೀತಿಗಳನ್ನು ಇನ್ನೊಬ್ಬರಿಗೆ ತಿಳಿಯಪಡಿಸುವುದನ್ನೇ ವೃತ್ತಿಯಾಗಿಸಿಕೊಂಡ ಬೋಧಕರು ಇಂದು ಅನೇಕ ದೇಶಗಳಲ್ಲಿದ್ದಾರೆ. ತುಂಬಿದ ಸಭೆಯಲ್ಲಿ ಹಿರಿಯರಿಗೆ ಎದುರಾಡಿ ಅವರ ಮಾನಕ್ಕೆ ಕುಂದು ತರಬಾರದೆಂದು ಚೀನೀಯನು ಸುಮ್ಮನಿದ್ದರೆ, ಆ ಮೌನವನ್ನು ಪಾಶ್ಚಾತ್ಯನು ಸಮ್ಮತಿಯೆಂದು ಗ್ರಹಿಸುವುದುಂಟು. ಪಾಶ್ಚಾತ್ಯನು ನಿಷ್ಕಪಟವಾಗಿ ಆಡಿದ ವಿಮರ್ಶೆಯು ಚೀನೀಯನಿಗೆ ಅಪಮಾನವಾಗಿ ತೋರುವುದುಂಟು. ಇಬ್ಬರ ಮನಸ್ಸಿನಲ್ಲಿಯೂ ದುರ್ಭಾವವಿಲ್ಲದೆಯೇ ಕಾರ್ಯ ಕೆಡುತ್ತದೆ. ಈ ವೃತ್ತಿ ನೂತನವಾದರೂ ಅದನ್ನು ಹುಟ್ಟಿಸಿದ ಅವಶ್ಯಕತೆ ಪುರಾತನವಾದುದು. ಆ ಅವಶ್ಯಕತೆಯನ್ನರಿತು, ಅದಕ್ಕೆ ತಕ್ಕ ಸ್ಥಾನಗಳನ್ನೂ ವ್ಯಕ್ತಿಗಳನ್ನೂ ರೂಪಿಸಿಕೊಂಡ ನಾಡುಗಳಲ್ಲಿ ಶಿವಮೊಗ್ಗ ಜಿಲ್ಲೆಯ ಆನವಟ್ಟಿಯ ಸುತ್ತಣ ಬನವಾಸಿ ಸೀಮೆಯೂ ಒಂದು.

ಈ ಸೀಮೆಯಲ್ಲಿ ಕದಂಬರ ಆಳ್ವಿಕೆ ಮೊದಲಾದುದೇ ಪರಸ್ಥಳದಲ್ಲಿ ನಡೆದ ಒಂದು ಕಲಹದಿಂದ. ತನ್ನ ಗುರು ವೀರಶರ್ಮನೊಡನೆ ವೇದಾಧ್ಯಯನಕ್ಕಾಗಿ ಕಾಂಚಿಯ ಘಟಿಕೆಯೆಂಬ ವಿದ್ಯಾಸ್ಥಾನಕ್ಕೆ ತೆರಳಿದ ಮಯೂರಶರ್ಮನು, ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಉಂಟಾದ ಜಗಳದಿಂದ ಕ್ರುದ್ಧನಾಗಿ, ಶಾಸ್ತ್ರವನ್ನು ಬಿಟ್ಟು ಶಸ್ತ್ರವನ್ನು ಹಿಡಿದು ಕದಂಬ ರಾಜ್ಯವನ್ನು ಕಟ್ಟಿದನೆಂದು ಕವಿ ಕುಬ್ಜನು ರಚಿಸಿದ ತಾಳಗುಂದದ ಸ್ತಂಭಶಾಸನವು ತಿಳಿಸುತ್ತದೆ. ಆ ಜಗಳವನ್ನು ಶಮನಗೊಳಿಸಿದ ಮಧ್ಯಸ್ಥನೊಬ್ಬನ ಸುದ್ದಿಯು ಶಾಸನದಲ್ಲಿಲ್ಲ. ಅನ್ಯಸ್ಥಳದ ಅವಮಾನವೊಂದು ಎಷ್ಟು ದೂರ ಮುಟ್ಟಬಲ್ಲುದೆಂಬುದಕ್ಕೆ ಕನ್ನಡ ನಾಡಿನಲ್ಲಿ ಇದಕ್ಕಿಂತ ದೊಡ್ಡ ದೃಷ್ಟಾಂತವಿಲ್ಲ.

ಇದಕ್ಕೆ ವಿರುದ್ಧವಾದ ದೃಷ್ಟಾಂತವೂ ಉಂಟು. ಏಳನೆಯ ಶತಮಾನದಲ್ಲಿ ಚೀನದ ಯಾತ್ರಿಕ ಹ್ಯುಯೆನ್ ತ್ಸಾಂಗನು ದಕ್ಷಿಣಾಪಥವನ್ನು ಸಂಚರಿಸಿ, ಕೊಂಕಣಪುರವೆಂಬಲ್ಲಿ ಬೌದ್ಧ ವಿಹಾರಗಳೂ ಇತರ ದೇವತೆಗಳ ಆಲಯಗಳೂ ಜೊತೆಯಾಗಿದ್ದುದನ್ನು ಬರೆದಿಟ್ಟನು; ಆ ಪುರವನ್ನು ಕೆಲವು ವಿದ್ವಾಂಸರು ಬನವಾಸಿಯೆಂದೇ ಗುರುತಿಸುತ್ತಾರೆ. ಅವನು ನಾಲಂದದಲ್ಲಿ ವರ್ಷಗಟ್ಟಲೆ ಕುಳಿತು ಈ ದೇಶದ ಭಾಷೆಯನ್ನೂ ಶಾಸ್ತ್ರವನ್ನೂ ಕಲಿತವನಾದುದರಿಂದಲೇ, ಸ್ವದೇಶಕ್ಕೆ ಮರಳಿದ ಮೇಲೆ ಎರಡು ಜನಾಂಗಗಳ ನಡುವೆ ಸೇತುವಾಗಿ ನಿಲ್ಲಲು ಸಮರ್ಥನಾದನು.

ಆನವಟ್ಟಿಗೆ ಬಹು ಸಮೀಪದಲ್ಲಿ, ಇಂದು ಕುಬಟೂರೆನಿಸಿದ, ಶಾಸನಗಳ ಕುಪ್ಪಟೂರು ಇದೆ. ಅಲ್ಲಿನ ಕೋಟಿಪುರದ ಕೈಟಭೇಶ್ವರನ ಗುಡಿಯನ್ನು ನೋಡಲು ಬರುವವರು ಅನೇಕರಾದರೂ, ಕುಪ್ಪಟೂರಿನ 1077ರ ಶಾಸನವೊಂದು ಹೇಳುವ ಸಂಗತಿಯನ್ನು ಬಲ್ಲವರು ವಿರಳ. ಕದಂಬ ಕೀರ್ತಿದೇವನ ರಾಣಿ ಮಾಳಲದೇವಿಯು ಜಿನಭಕ್ತೆ. ಕುಪ್ಪಟೂರಾದರೋ ವೈದಿಕ ಬ್ರಾಹ್ಮಣರ ಅಗ್ರಹಾರ. ಅಲ್ಲಿ ಪಾರ್ಶ್ವದೇವನ ಚೈತ್ಯಾಲಯವನ್ನು ಪ್ರತಿಷ್ಠೆ ಮಾಡಿಸಿದ ರಾಣಿಯು, ಅರಸನ ಅಧಿಕಾರ ತನ್ನ ಬೆನ್ನಿಗಿದ್ದರೂ, ಊರಿನ ಮಹಾಜನರೆಲ್ಲರನ್ನೂ ಪೂಜಿಸಿ, ಅವರಿಂದಲೇ ಆ ಬಸದಿಗೆ ಬ್ರಹ್ಮಜಿನಾಲಯವೆಂಬ ಹೆಸರನ್ನಿಡಿಸಿ, ಅದಕ್ಕೆ ಭೂಮಿಯನ್ನೂ ಅವರಿಂದ ಪಡೆದಳು. ಅನ್ಯಮತದ ಆಲಯವು ತಮ್ಮ ಮೇಲೆ ಹೇರಲ್ಪಟ್ಟಿತೆಂದು ಭಾವಿಸಬಹುದಾಗಿದ್ದ ಜನರು, ಅದಕ್ಕೆ ನಾಮಕರಣ ಮಾಡಿದವರೂ ನೆಲವನ್ನಿತ್ತವರೂ ಆದರು. ನೆಲದ ಹಿರಿಯರನ್ನು ಮೊದಲು ಗೌರವಿಸಿ, ತನ್ನ ಕಾರ್ಯದಲ್ಲಿ ಅವರನ್ನೂ ಪಾಲುಗಾರರನ್ನಾಗಿ ಮಾಡಿಕೊಳ್ಳಬೇಕೆಂಬ ನೀತಿಯನ್ನು ಆಕೆ ನಡೆದು ತೋರಿಸಿದಳು.

ಇಲ್ಲಿಂದ ಒಂದು ಹಗಲಿನ ದಾರಿಯಾದ ಬಳ್ಳಿಗಾವೆಯಲ್ಲಿ ಈ ನೀತಿಯು ಒಂದು ಮಹಾನಗರದ ಜೀವನಕ್ರಮವೇ ಆಗಿದ್ದಿತು. ಅಯ್ಯಾವೊಳೆ ಐನೂರ್ವರೆಂಬ ವರ್ತಕಸಂಘವನ್ನು ಕೊಂಡಾಡುವ ಅಲ್ಲಿನ 11ನೆಯ ಶತಮಾನದ ಶಾಸನವು, ಆ ವರ್ತಕರು ಚೇರ ಚೋಳ ಪಾಂಡ್ಯ ಮಗಧಗಳಲ್ಲದೆ ನೇಪಾಳ ಪಾರಸಗಳಲ್ಲಿಯೂ ಸಂಚರಿಸಿ, ಆನೆ ಕುದುರೆ ರತ್ನಗಳನ್ನೂ ಏಲಕ್ಕಿ ಲವಂಗ ಶ್ರೀಗಂಧ ಕರ್ಪೂರ ಕಸ್ತೂರಿಗಳನ್ನೂ ಮಾರುತ್ತಿದ್ದರೆಂದು ವರ್ಣಿಸುತ್ತದೆ. ಭಾಷೆ, ಮತ, ಆಹಾರಗಳು ಬೇರೆಯಾದ ದೇಶಗಳಲ್ಲಿ ಅಲೆಯುವ ಅಂಥ ಸಂಘವನ್ನು ಒಂದಾಗಿ ಹಿಡಿದು ನಿಲ್ಲಿಸಿದುದು ಅವರು ವೀರಬಣಂಜು ಧರ್ಮವೆಂದು ಕರೆದ ಸಾಮಾನ್ಯ ಆಚಾರಸಂಹಿತೆ. ಶೈವ ವೈಷ್ಣವ ಜೈನ ಆಲಯಗಳ ನಡುವೆ, 1065ರಲ್ಲಿ ರೂಪಭಟ್ಟಯ್ಯನೆಂಬುವನು ತಾರಾಭಗವತಿಯ ಪೂಜೆಯೂ ನಡೆಯುವ ಬೌದ್ಧವಿಹಾರವನ್ನು ಈ ಪಟ್ಟಣದಲ್ಲಿ ಕಟ್ಟಿಸಿದನು.

ಬಳ್ಳಿಗಾವೆಯ ಕೀರ್ತಿಗೆ ಶಿಖರಪ್ರಾಯವಾದುದು ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠ. ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನವು ಆ ಮಠವನ್ನು ವರ್ಣಿಸುವಾಗ, ನಾಲ್ಕು ವೇದಗಳ, ಪಾಣಿನಿ ಶಾಕಟಾಯನಾದಿ ವ್ಯಾಕರಣಗಳ, ನ್ಯಾಯ ವೈಶೇಷಿಕ ಮೀಮಾಂಸೆ ಸಾಂಖ್ಯಗಳ ಅಧ್ಯಯನದೊಡನೆ ಬೌದ್ಧ ದರ್ಶನದ ವ್ಯಾಖ್ಯಾನವನ್ನೂ ಹೆಸರಿಸುತ್ತದೆ. ಮಠದವರು ಕಾಳಾಮುಖ ಶೈವರು. ಆದರೂ ಪರಮತದ ಸಿದ್ಧಾಂತ ಅವರ ಪಾಠಕ್ರಮದಲ್ಲಿ ಸ್ಥಾನ ಪಡೆದಿದ್ದಿತು. ಜೈನ ಕ್ಷಪಣಕರಿಗೂ ಏಕದಂಡಿ ತ್ರಿದಂಡಿ ಸಂನ್ಯಾಸಿಗಳಿಗೂ, ಕುರುಡರು ಕುಂಟರು ಕಿವುಡರಿಗೂ, ಗಾಯಕರಿಗೂ ನರ್ತಕರಿಗೂ ಅಲ್ಲಿ ಅನ್ನವಿದ್ದಿತು. ದಿಕ್ಕಿಲ್ಲದ ರೋಗಿಗಳಿಗೆ ಔಷಧವಿದ್ದಿತು. ಪರಕೀಯನ ಮತವನ್ನು ಶ್ರದ್ಧೆಯಿಂದ ಓದುವುದು, ಅವನಿಗೆ ತಮ್ಮ ಮನೆಯಲ್ಲಿ ಎಡೆಯಿಕ್ಕುವುದು, ಈ ಎರಡೂ ಒಂದೇ ಸೂರಿನ ಕೆಳಗೆ ನಡೆದವು.

ಕಾಲಾಂತರದಲ್ಲಿ ಕೆಳದಿಯ ನಾಯಕರಿಗೆ ಸಮುದ್ರದಾಚೆಯ ಜನರ ಸಂಪರ್ಕವುಂಟಾಯಿತು. ಗೋವೆಯ ಪೋರ್ಚುಗೀಸರು ವೆಂಕಟಪ್ಪ ನಾಯಕನ ರಾಜ್ಯದಿಂದ ಕಾಳುಮೆಣಸನ್ನು ಕೊಳ್ಳುತ್ತಿದ್ದರಾದರೂ, ತಮ್ಮ ಮಿತ್ರನಾದ ಬಂಗ ಅರಸನ ರಾಜ್ಯವನ್ನು ನಾಯಕನು ಕಸಿದುಕೊಂಡುದರಿಂದ ಉಭಯರಲ್ಲಿ ವೈಮನಸ್ಯವಿದ್ದಿತು. 1623ರಲ್ಲಿ ಪೋರ್ಚುಗೀಸರು ಕಳುಹಿಸಿದ ರಾಯಭಾರದೊಡನೆ ಇಟಲಿಯ ಪಿಯೆತ್ರೋ ದೆಲ್ಲಾ ವಾಲ್ಲೆಯು ಹೊನ್ನಾವರ ಗೇರುಸೊಪ್ಪೆಗಳ ಮಾರ್ಗವಾಗಿ ಘಟ್ಟವನ್ನೇರಿ ನಾಯಕನ ರಾಜಧಾನಿ ಇಕ್ಕೇರಿಗೆ ಬಂದನು. ಗೋವೆಯಲ್ಲಿ ನಾಯಕನ ರಾಯಭಾರಿಯಾಗಿದ್ದ ವಿಠಲ ಶೆಣೈಯು ಅವರ ಜೊತೆಯಲ್ಲಿಯೇ ಹಿಂದಿರುಗಿದನು. ರಾಜಸಭೆಯಲ್ಲಿ ಮಾತುಕತೆ ನಡೆದುದು ಅವನ ಮುಖಾಂತರ. ಎರಡೂ ಸ್ಥಳಗಳಲ್ಲಿ ಬಾಳಿ, ಎರಡೂ ಕಡೆಯ ಮರ್ಯಾದೆಗಳನ್ನು ಬಲ್ಲ ಇಂಥ ಪುರುಷನಿಂದ ಮಾತ್ರ ಸಾಧ್ಯವಾಗುವ ಕಾರ್ಯವದು; ಕೇವಲ ಪದಕ್ಕೆ ಪದವನ್ನು ಕೂಡಿಸಬಲ್ಲವನಿಂದ ಆಗದು.

ಸದ್ಭಾವವೊಂದಿದ್ದರೆ ಸಾಕು, ಭಿನ್ನ ದೇಶಗಳ ಜನರು ತಾವಾಗಿಯೇ ಹೊಂದಿಕೊಳ್ಳುವರೆಂಬ ನಂಬಿಕೆಯನ್ನು ಈ ನಾಡಿನ ಚರಿತ್ರೆಯು ಸಮರ್ಥಿಸುವುದಿಲ್ಲ. ಹಿರಿಯರನ್ನು ಗೌರವಿಸುವ ವಿವೇಕ, ಅನ್ಯರ ವಿಚಾರವನ್ನು ಅಭ್ಯಸಿಸುವ ಮಠ, ಸರ್ವರೂ ಒಪ್ಪಿದ ವ್ಯವಹಾರಧರ್ಮ, ಉಭಯರನ್ನೂ ಬಲ್ಲ ಮಧ್ಯಸ್ಥ — ಇವುಗಳನ್ನು ಪ್ರಯತ್ನಪೂರ್ವಕವಾಗಿ ಬೆಳೆಸಬೇಕಾಯಿತು. ಇಂದು ಆನವಟ್ಟಿ ಶಿರಾಳಕೊಪ್ಪಗಳಿಂದ ಬೆಂಗಳೂರಿಗೂ ಪರದೇಶಗಳಿಗೂ ಉದ್ಯೋಗಾರ್ಥವಾಗಿ ತೆರಳುವ ತರುಣ ತರುಣಿಯರು, ಹೊರಡುವ ಮುನ್ನ ಕುಪ್ಪಟೂರನ್ನೂ ಬಳ್ಳಿಗಾವೆಯನ್ನೂ ಕಂಡು, ಅಲ್ಲಿನ ಶಾಸನಗಳ ಅರ್ಥವನ್ನು ಬಲ್ಲವರಿಂದ ಕೇಳಿ ತಿಳಿಯಲಿ. ಮುಂದೆ ಚೀನೀಯನೊಡನೆಯೋ ಜರ್ಮನಿಯವನೊಡನೆಯೋ ದುಡಿಯುವ ಪ್ರಸಂಗ ಬಂದಾಗ, ಅವನ ನಡೆಯನ್ನು ತಪ್ಪೆಂದು ನಿರ್ಣಯಿಸುವ ಮೊದಲು ಅದರ ಕಾರಣವನ್ನು ಅರಸುವ ಶ್ರಮವನ್ನು ತಮ್ಮ ಉದ್ಯೋಗದ ಭಾಗವೆಂದೇ ಎಣಿಸಲಿ.