ಗುಳಿಗೆ, ಪಥ್ಯ ಮತ್ತು ಗಡಿನಾಡಿನ ಹಿರಿಯರು

ಉಮರ್ಗಾ, ನಿಲಂಗಾ ಮತ್ತು ಉದಗೀರ ಸೀಮೆಯ ಕನ್ನಡದ ಮನೆಗಳಲ್ಲಿ ವಯಸ್ಸಾದವರು ‘ಸಕ್ರಿ ಬ್ಯಾನಿ’ಯ, ಅಂದರೆ ಮಧುಮೇಹದ, ಗುಳಿಗೆಯನ್ನು ನಡುವೆಯೇ ಬಿಟ್ಟರೆ ಅದನ್ನು ಹಟವೆಂದು ಬಗೆಯುವುದು ವಾಡಿಕೆಯಾಗಿದ್ದರೂ, ಹಾಗೆ ಬಿಡುವುದರ ಬೇರುಗಳು ಈ ಸೀಮೆಯ ಮತ್ತು ಔಷಧೋಪಚಾರದ ಇತಿಹಾಸದಲ್ಲಿಯೇ ಇವೆ. 1948ರ ಸೆಪ್ಟೆಂಬರ್‌ವರೆಗೆ ಈ ಪ್ರದೇಶವು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಬೀದರ ಜಿಲ್ಲೆಯ ತಾಲ್ಲೂಕುಗಳಾಗಿದ್ದ ಉದಗೀರ ಮತ್ತು ನಿಲಂಗಾ 1956ರ ನವೆಂಬರ್ 1ರಂದು ಮುಂಬಯಿ ರಾಜ್ಯಕ್ಕೆ, 1960ರಲ್ಲಿ ಮಹಾರಾಷ್ಟ್ರಕ್ಕೆ, 1982ರಲ್ಲಿ ಹೊಸ ಲಾತೂರ ಜಿಲ್ಲೆಗೆ ಸೇರಿದವು. ಹೀಗೆ ಒಂದೇ ಆಯುಷ್ಯದಲ್ಲಿ ಕಚೇರಿಯ ಭಾಷೆ ಉರ್ದುವಿನಿಂದ ಮರಾಠಿಗೆ ಬದಲಾಯಿತು. ಮನೆಮಾತು ಕನ್ನಡವಾಗಿಯೇ ಉಳಿಯಿತು. ಗುಳಿಗೆಯ ಪಟ್ಟಿಯ ಮೇಲಿನ ಅಕ್ಷರ ಇಂಗ್ಲಿಷಿನದಾಯಿತು.

ಸಕ್ರಿ ಬ್ಯಾನಿಯು ಹಿಂದಿನವರಿಗೆ ಅಪರಿಚಿತವಾಗಿರಲಿಲ್ಲ. ಚರಕ, ಸುಶ್ರುತ ಸಂಹಿತೆಗಳು ಇದನ್ನು ಮಧುಮೇಹವೆಂದೂ, ಯುನಾನಿ ಹಕೀಮರು ಜಿಯಾಬೆತುಸ್ ಎಂದೂ ಕರೆದಿದ್ದರು. ಆದರೆ ಇನ್ಸುಲಿನ್ ಪತ್ತೆಯಾದದ್ದು 1921ರಲ್ಲಿ, ಟೊರಾಂಟೊ ನಗರದಲ್ಲಿ. ಇಂದು ಮನೆಮನೆಯಲ್ಲಿರುವ ಮೆಟ್‌ಫಾರ್ಮಿನ್ ಗುಳಿಗೆಯು ಮಧುಮೇಹಕ್ಕೆ ಮದ್ದಾಗಿ ಫ್ರಾನ್ಸಿನಲ್ಲಿ ಪ್ರಕಟವಾದದ್ದು 1957ರಲ್ಲಿ. ಅಂದರೆ ಜೀವನಪರ್ಯಂತ ದಿನವೂ ಗುಳಿಗೆ ನುಂಗುವ ರೂಢಿಯು ಈ ಹಿರಿಯರಿಗಿಂತಲೂ ಕಿರಿಯದು. ಅವರು ಬಾಲ್ಯದಲ್ಲಿ ಕಂಡ ಬೇನೆಗಳು ಬಹುಮಟ್ಟಿಗೆ ಚಳಿಜ್ವರ, ಕಾಲರಾಗಳಂತೆ ಬಂದು ಹೋಗುವಂಥವು. ಪಥ್ಯಕ್ಕೆ ಒಂದು ಕೊನೆಯಿತ್ತು, ಗುಣವಾದ ಮೇಲೆ ಮದ್ದು ನಿಲ್ಲುತ್ತಿತ್ತು. ನೋವೇ ಇಲ್ಲದ ಕಾಯಿಲೆಗೆ ಕೊನೆಯೇ ಇಲ್ಲದ ಮದ್ದು ಎಂಬುದನ್ನು ಆ ಅನುಭವ ಒಪ್ಪುವುದು ಸುಲಭವಲ್ಲ.

ಉಪವಾಸದ ಸಂಗತಿ ಇನ್ನೂ ಜಟಿಲವಾದುದು. ಶ್ರಾವಣ ಸೋಮವಾರ, ಶಿವರಾತ್ರಿ, ಪಂಢರಪುರದ ಆಷಾಢ ಏಕಾದಶಿಗಳಂದು ಜೋಳದ ರೊಟ್ಟಿ ಬಿಟ್ಟು ಸಾಬೂದಾಣಿ ಖಿಚಡಿ ತಿನ್ನುವುದು ಇಲ್ಲಿಯ ಪದ್ಧತಿ. ಬಹುಪಾಲು ಪಿಷ್ಟವೇ ಆದ ಸಾಬೂದಾಣಿಯು ರಕ್ತದ ಸಕ್ಕರೆಯನ್ನು ಬೇಗನೆ ಏರಿಸುತ್ತದೆ. ನಿರಾಹಾರವಿದ್ದು ಗ್ಲಿಮೆಪಿರೈಡ್‌ನಂಥ, ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವ ಗುಳಿಗೆ ನುಂಗಿದರೆ ಸಕ್ಕರೆ ಕುಸಿದು ಬೆವರು, ನಡುಕ, ತಲೆಸುತ್ತು ಬರಬಹುದು. ಒಮ್ಮೆ ಹಾಗಾದವರು ಗುಳಿಗೆಗೇ ಅಂಜುತ್ತಾರೆ, ಮತ್ತು ಆ ಅಂಜಿಕೆಗೆ ಕಾರಣವಿದೆ. ವಿಶ್ವ ಆರೋಗ್ಯ ಸಂಸ್ಥೆಯು ಚಿಕಿತ್ಸಾ ಅನುಸರಣೆಯನ್ನು, ಅಂದರೆ ವೈದ್ಯರೊಡನೆ ಒಪ್ಪಿಕೊಂಡ ಔಷಧ ಮತ್ತು ಆಹಾರಕ್ರಮವನ್ನು ಪಾಲಿಸುವುದನ್ನು ಕುರಿತ 2003ರ ವರದಿಯಲ್ಲಿ, ಶ್ರೀಮಂತ ದೇಶಗಳಲ್ಲಿಯೂ ದೀರ್ಘಕಾಲದ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯೇ ಹಾಗೆ ನಡೆಯುತ್ತಾರೆಂದೂ, ರೋಗಿಗೆ ಬೇಕಾದದ್ದು ನೆರವೇ ಹೊರತು ದೂಷಣೆಯಲ್ಲವೆಂದೂ ಹೇಳಿತು.

ಇನ್ಸುಲಿನ್ ಸೂಜಿಯ ವಿಷಯದಲ್ಲಿ ತಪ್ಪಿಗೆ ದಾರಿ ಇನ್ನೂ ಹತ್ತಿರ. ಭಾರತದಲ್ಲಿ ಇನ್ಸುಲಿನ್ ಸೀಸೆಗಳು ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್ ಬಲದವು, ಪೆನ್ನಿನ ಕಾರ್ಟ್ರಿಜ್‌ಗಳು 100 ಯೂನಿಟ್ ಬಲದವು. ಕೆಂಪು ಮುಚ್ಚಳದ ಸಿರಿಂಜು ಮೊದಲನೆಯದಕ್ಕೆ, ಕಿತ್ತಳೆ ಮುಚ್ಚಳದ್ದು 100 ಯೂನಿಟ್ ಬಲದ ಮದ್ದಿಗೆ. 40ರ ಸೀಸೆಯಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಮೈಗೆ ಸೇರುವುದು 8 ಯೂನಿಟ್ ಮಾತ್ರ. ಸಕ್ಕರೆ ಇಳಿಯದಿದ್ದಾಗ ಪಥ್ಯ ಮುರಿದ ಆರೋಪ ಮುದುಕರ ಮೇಲೆಯೇ ಬರುತ್ತದೆ. ಮುಚ್ಚಳದ ಬಣ್ಣ ಯಾವುದಿತ್ತೆಂದು ಕೇಳಿ ನೋಡುವವರು ಕಡಿಮೆ.